ಕಾಯಿ ಹಣ್ಣಾಗುವವರೆಗೆ ಕಾಯೋಣ



ನಮ್ಮ ಕನ್ನಡದಲ್ಲಿ ಒಂದು ಸೊಗಸಾದ ಪದವಿದೆ. ಅದು 'ಕಾಯಿ'. ಇನ್ನೂ ಮಾಗದೆ ಗಟ್ಟಿಯಾಗಿರುವುದು ಕಾಯಿ. 'ಸ್ವಲ್ಪ ಕಾಯಿ ಮಗಾ, ಬಂದೆ' ಎಂದು ತಾಯಿ ಹೇಳುವಾಗ ಅದೇ ಪದಕ್ಕೆ ಬೇರೆ ಅರ್ಥ. ಕುರಿ ಕಾಯುವವನು, ಹೊಲ ಕಾಯುವವನು ಎನ್ನುವಾಗ ಮೂರನೆಯ ಅರ್ಥ. ಕಾಯಿ ಹಣ್ಣಾಗಬೇಕಾದರೆ ಕಾಯಬೇಕು. ಕಾದು ಕಾಪಾಡುವವರೂ ಇರಬೇಕು. ಕುಟುಂಬ ಜೀವನದ ಅರ್ಧ ಪಾಠ ಈ ಒಂದು ಪದದಲ್ಲೇ ಅಡಗಿದೆ ಎಂದರೆ ತಪ್ಪಾಗಲಾರದು.

ಈ ವಾರ ನಾವು ಅಡುಗೆಮನೆಯೊಳಗೆ ಹೋಗಿ ಒಂದು ಸಂಜೆಯ ತಿಂಡಿ ಮಾಡೋಣ. ಬೆಣ್ಣೆಹಣ್ಣು ಹಚ್ಚಿದ ಸುಟ್ಟ ಬ್ರೆಡ್, ಅದರ ಮೇಲೆ ಒಂದಿಷ್ಟು ಹಸಿ ತರಕಾರಿ. ವಿಶ್ವಾಸದ ಪುಟದಲ್ಲಿ ತಿಂಡಿಯ ಮಾತೇಕೆ ಎಂದು ಹುಬ್ಬೇರಿಸಬೇಡಿ. ಶುಭಸಂದೇಶವನ್ನು ತೆರೆದು ನೋಡಿ. ಕಾನಾ ಊರಿನ ಮದುವೆಯ ಮನೆ, ಜಕ್ಕಾಯನ ಮನೆ, ಮಾರ್ತ ಮರಿಯರ ಮನೆ, ಹುಲ್ಲುಗಾವಲಿನಲ್ಲಿ ಐದು ರೊಟ್ಟಿ ಎರಡು ಮೀನು, ಕಡೆಯ ಭೋಜನದ ಮಾಳಿಗೆಯ ಕೋಣೆ, ಎಮ್ಮಾವುಸಿನ ಸಂಜೆ. ಪ್ರಭು ಯೇಸುಸ್ವಾಮಿ ಎಷ್ಟೊಂದು ಸತ್ಯಗಳನ್ನು ಊಟದ ಪಂಕ್ತಿಯಲ್ಲೇ ಕುಳಿತು ಹೇಳಿದ್ದಾರೆ! ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಗುರುತಿಸಿತು. ಮನೆಯೇ ಧರ್ಮಸಭೆಯಾದರೆ, ಊಟದ ಮೇಜು ಅದರ ಪೀಠಕ್ಕೆ ಬಹಳ ದೂರವಿರಲಾರದು.

ಮರದಲ್ಲಿ ಮಾಗದ ಹಣ್ಣು

ಬೆಣ್ಣೆಹಣ್ಣು ನಮ್ಮ ಮಣ್ಣಿನದಲ್ಲ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಆದರೆ ಅದು ನಮಗೆ ಹೊಸದೂ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾಫಿ ಗಿಡಗಳ ನಡುವೆ ಈ ಮರ ಬಹಳ ಕಾಲದಿಂದ ನಿಂತಿದೆ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಇದರ ಮೇಲೆ ಸಂಶೋಧನೆಯೂ ನಡೆದಿದೆ. ಬೆಂಗಳೂರಿನ ಜ್ಯೂಸ್ ಅಂಗಡಿಗಳಲ್ಲಿ 'ಬಟರ್ ಫ್ರೂಟ್' ಎಂದು ಕೇಳಿ ಹಾಲು ಸಕ್ಕರೆ ಹಾಕಿಸಿ ಕುಡಿಯದವರು ಕಡಿಮೆ. ಅದನ್ನು ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುವ ರೂಢಿ ಮಾತ್ರ ಈಚೆಗೆ ನಮ್ಮ ಊರುಗಳಿಗೆ ಬಂದಿದೆ. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಬಿಲ್ ಗ್ರೇಂಜರ್ ಎಂಬ ಬಾಣಸಿಗರು 1993ರಲ್ಲಿ ತೆರೆದ ಸಣ್ಣ ಉಪಾಹಾರ ಗೃಹದಿಂದ ಈ ತಿಂಡಿ ಹೆಸರುವಾಸಿಯಾಯಿತೆಂದು ಬಹುಮಂದಿ ಹೇಳುತ್ತಾರೆ. ಆ ಉಪಾಹಾರ ಗೃಹದ ನಡುವೆ ಅಪರಿಚಿತರೂ ಒಟ್ಟಿಗೆ ಕುಳಿತು ತಿನ್ನುವ ಒಂದು ದೊಡ್ಡ ಮೇಜಿತ್ತು ಎಂಬುದನ್ನು ನೆನಪಿಡಿ. ಮುಂದೆ ಆ ಮಾತಿಗೆ ಬರೋಣ.

ಈ ಹಣ್ಣಿನದೊಂದು ವಿಚಿತ್ರ ಸ್ವಭಾವವಿದೆ. ಅದು ಮರದಲ್ಲಿ ಬಲಿಯುತ್ತದೆ, ಆದರೆ ಮರದಲ್ಲಿ ಮೆತ್ತಗಾಗುವುದಿಲ್ಲ. ಕೊಯ್ದು ಮನೆಗೆ ತಂದ ಮೇಲೆ, ಸುಮಾರು ಒಂದು ವಾರದಲ್ಲಿ ಅದು ಹಣ್ಣಾಗುತ್ತದೆ. ಅವಸರವಿದ್ದರೆ ಅದನ್ನು ಒಂದು ಕಾಗದದ ಚೀಲದಲ್ಲಿ ಮಾಗಿದ ಬಾಳೆಹಣ್ಣಿನ ಜೊತೆ ಇಡಬೇಕು. ಬಾಳೆಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಅದರ ಸಂಗದಲ್ಲಿ ಕಾಯಿಯೂ ಬೇಗ ಮಾಗುತ್ತದೆ. ಕಾಯಿಯಾಗಿರುವಾಗಲೇ ಫ್ರಿಜ್ಜಿನಲ್ಲಿಟ್ಟರೆ ತಣ್ಣಗಿನ ಒಂಟಿತನದಲ್ಲಿ ಅದು ಸರಿಯಾಗಿ ಹಣ್ಣಾಗುವುದಿಲ್ಲ. ಇನ್ನೂ ಒಂದು ಮಾತು. ಹಣ್ಣಾಯಿತೇ ಎಂದು ದಿನಕ್ಕೆ ಹತ್ತು ಸಲ ಹೆಬ್ಬೆರಳಿನಿಂದ ಒತ್ತಿ ನೋಡಬಾರದು. ಹೊರಗೆ ಏನೂ ಕಾಣುವುದಿಲ್ಲ, ಆದರೆ ಕೊಯ್ದಾಗ ಒಳಗೆ ಕಪ್ಪು ಕಲೆಗಳಿರುತ್ತವೆ. ಅವು ನಮ್ಮ ಬೆರಳುಗಳೇ ಮಾಡಿದ ಗಾಯಗಳು.

ಪ್ರಿಯ ತಂದೆತಾಯಿಗಳೇ, ಇದು ಬರೀ ಹಣ್ಣಿನ ಮಾತೇ? ನಿಮ್ಮ ಮನೆಯಲ್ಲಿ ಹದಿನೈದು ಹದಿನಾರು ವರ್ಷದ ಮಗನೋ ಮಗಳೋ ಇರಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಮನೆಯಿಡೀ ಆ ಮಗುವಿನ ಮೇಲೆ ಕಣ್ಣಿಟ್ಟಿರಬಹುದು. 'ಎಷ್ಟು ಓದಿದೆ? ಎಷ್ಟು ಬಂತು? ಪಕ್ಕದ ಮನೆಯವನಿಗೆ ಎಷ್ಟು?' ಎಂದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನಾವು ಒತ್ತಿ ನೋಡುತ್ತೇವೆ. ಹೊರಗೆ ಏನೂ ಕಾಣುವುದಿಲ್ಲ. ಮಗು ಸುಮ್ಮನೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಗಾಯ ಒಳಗೆ ಆಗಿರುತ್ತದೆ.

ಅದರ ಬದಲು ಆ ಕಾಯಿಯನ್ನು ಹಣ್ಣಿನ ಜೊತೆ ಇಡಿ. ನಮ್ಮ ಭಾಷೆಯಲ್ಲಿ ಬಹಳ ವಯಸ್ಸಾದವರನ್ನು 'ಹಣ್ಣು ಹಣ್ಣು ಮುದುಕಿ' ಎನ್ನುತ್ತೇವಲ್ಲ? ಮೂಲೆಯ ಮಂಚದಲ್ಲಿ ಜಪಸರ ಹಿಡಿದು ಕುಳಿತಿರುವ ಆ ಅಜ್ಜಿಯ ಪಕ್ಕದಲ್ಲಿ ದಿನಕ್ಕೆ ಅರ್ಧ ಗಂಟೆ ಮಗು ಕುಳಿತರೆ ಸಾಕು. ಅಜ್ಜಿ ಅಂಕ ಕೇಳುವುದಿಲ್ಲ. 'ಏನಾದರೂ ತಿಂದೆಯಾ?' ಎಂದು ಕೇಳುತ್ತಾಳೆ. ಕಾಯಿ ಮಾಗುವುದು ಇಂಥವರ ಸಂಗದಲ್ಲಿ. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಡಿಯಬೇಕೆಂದಿದ್ದ ಮರ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾ ಹಾಬ್ರಾ ಹೈಟ್ಸ್ ಎಂಬ ಊರಿದೆ. ಅಲ್ಲಿ ರುಡಾಲ್ಫ್ ಹಾಸ್ ಎಂಬ ಅಂಚೆ ಪೇದೆಯೊಬ್ಬರಿದ್ದರು. 1920ರ ದಶಕದ ಕೊನೆಯಲ್ಲಿ ಅವರು ತಮ್ಮ ಸಣ್ಣ ತೋಟದಲ್ಲಿ ಬೆಣ್ಣೆಹಣ್ಣಿನ ಬೀಜಗಳನ್ನು ನೆಟ್ಟರು. ಸಸಿ ಬಂದ ಮೇಲೆ ಆಗ ಹೆಸರಾಗಿದ್ದ ಬೇರೊಂದು ತಳಿಯನ್ನು ಅವುಗಳಿಗೆ ಕಸಿ ಕಟ್ಟಿಸುವುದು ಅವರ ಯೋಜನೆ. ಉಳಿದ ಗಿಡಗಳಿಗೆ ಕಸಿ ಹಿಡಿಯಿತು. ಒಂದು ಗಿಡಕ್ಕೆ ಮಾತ್ರ ಎಷ್ಟು ಸಲ ಕಟ್ಟಿದರೂ ಹಿಡಿಯಲಿಲ್ಲ. ಅದನ್ನು ಕಡಿದು ಹಾಕುವ ಯೋಚನೆ ಅವರಿಗೆ ಬಂತು. ಗಿಡ ಗಟ್ಟಿಯಾಗಿದೆ, ಇರಲಿ ಬಿಡಿ ಎಂದು ಕಸಿ ಕಟ್ಟುವವರು ಹೇಳಿದ್ದರಿಂದ ಅದು ಉಳಿಯಿತು. ಮುಂದೆ ಅದು ಕಾಯಿ ಬಿಟ್ಟಾಗ, ಅದರ ರುಚಿಯನ್ನು ಮೊದಲು ಮೆಚ್ಚಿದವರು ಮನೆಯ ಮಕ್ಕಳು ಎಂದು ಆ ಕುಟುಂಬದ ಕಥೆ ಹೇಳುತ್ತದೆ.

ಹಾಸ್ ಅವರು 1935ರಲ್ಲಿ ಆ ತಳಿಗೆ ಹಕ್ಕುಪತ್ರ ಪಡೆದರು. ಇಂದು ಜಗತ್ತಿನ ಮಾರುಕಟ್ಟೆಗಳಲ್ಲಿ ಅತಿ ಹೆಚ್ಚಾಗಿ ಮಾರಾಟವಾಗುವ ಬೆಣ್ಣೆಹಣ್ಣು 'ಹಾಸ್' ತಳಿಯದು. ಆ ತಳಿಯ ಎಲ್ಲ ಮರಗಳೂ, ಬೇರೆ ಬೇರೆ ದೇಶಗಳಲ್ಲಿರುವವು, ಕಸಿಯ ಮೂಲಕ ಆ ಒಂದೇ ಮರದಿಂದ ಬಂದವು. ತಾಯಿಮರ ಬೇರು ಕೊಳೆತು ಸತ್ತಾಗ, 2002ರಲ್ಲಿ ಅದನ್ನು ಕಡಿಯಲಾಯಿತು. ಹಾಸ್ ಅವರಿಗೆ ಇದರಿಂದ ಸಿಕ್ಕ ಹಣ ಅಲ್ಪ. ಅವರು ಅಂಚೆ ಹಂಚುವ ಕೆಲಸವನ್ನು ಬಿಡಲಿಲ್ಲ. 1952ರಲ್ಲಿ ತೀರಿಕೊಂಡರು.

ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಅಂಜೂರದ ಮರದ ಸಾಮತಿ ನಿಮಗೆ ನೆನಪಾಗಿರಬೇಕು. ಮೂರು ವರ್ಷ ಬಂದು ನೋಡಿದರೂ ಹಣ್ಣು ಕಾಣದ ತೋಟದ ಯಜಮಾನ, ಕಡಿದು ಹಾಕು ಎನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ. ಸುಮ್ಮನೆ ಕೇಳಿಕೊಳ್ಳುವುದಿಲ್ಲ, ಸುತ್ತಲೂ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಮಾತು ಕೊಡುತ್ತಾನೆ. ಕ್ರೈಸ್ತರ ಕಾಯುವಿಕೆ ಎಂದರೆ ಇದು. ಕೈಕಟ್ಟಿ ಕೂರುವುದಲ್ಲ, ಬುಡಕ್ಕೆ ಕೈಯಿಟ್ಟು ಮಣ್ಣು ಸಡಿಲಿಸುವುದು. ನಾವು ಅಂದುಕೊಂಡ ಕಸಿ ಹಿಡಿಯದ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ವೈದ್ಯನಾಗಲಿ ಎಂದೆವು, ಅವನಿಗೆ ಮರಗೆಲಸ ಇಷ್ಟ. ಲೆಕ್ಕ ಓದಲಿ ಎಂದೆವು, ಅವಳಿಗೆ ಹಾಡು ಇಷ್ಟ. ಕಸಿ ಹಿಡಿಯಲಿಲ್ಲವೆಂದು ಗಿಡವನ್ನೇ ಬೈಯಬೇಡಿ. ದೇವರು ಅದರೊಳಗೆ ಬೇರೊಂದು ರುಚಿ ಇಟ್ಟಿರಬಹುದು.

ನಾಲ್ಕು ಜನರಿಗೆ ಸಂಜೆಯ ತಿಂಡಿ

ಈಗ ಕೈ ತೊಳೆದುಕೊಂಡು ಕೆಲಸಕ್ಕೆ ಇಳಿಯೋಣ. ಬೇಕಾಗುವುದು ಇಷ್ಟೇ: ಮಾಗಿದ ದೊಡ್ಡ ಬೆಣ್ಣೆಹಣ್ಣು 1, ಚಿಕ್ಕದಾದರೆ 2. ಬ್ರೆಡ್ 8 ತುಂಡು, ಗೋಧಿಯದಾದರೆ ಒಳ್ಳೆಯದು. ಒಂದು ಸಣ್ಣ ಈರುಳ್ಳಿ, ಒಂದು ಟೊಮೆಟೊ, ಅರ್ಧ ಸೌತೆಕಾಯಿ, ಒಂದು ಕ್ಯಾರಟ್, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು, ಉಪ್ಪು, ಕುಟ್ಟಿದ ಕರಿಮೆಣಸು. ದಾಳಿಂಬೆ ಕಾಳು, ಮೊಳಕೆ ಬರಿಸಿದ ಹೆಸರುಕಾಳು, ಬೇಯಿಸಿದ ಮೊಟ್ಟೆ ಇದ್ದರೆ ಇನ್ನೂ ಚೆನ್ನ.

ಹಣ್ಣನ್ನು ಹಲಗೆಯ ಮೇಲಿಟ್ಟು ಉದ್ದಕ್ಕೆ ಸುತ್ತಲೂ ಕೊಯ್ದು, ಎರಡು ಕೈಯಿಂದ ತಿರುಗಿಸಿದರೆ ಎರಡು ಹೋಳಾಗುತ್ತದೆ. ಬೀಜವನ್ನು ಚಮಚದಿಂದ ತೆಗೆಯಿರಿ. ಅಂಗೈಯಲ್ಲಿ ಹಿಡಿದು ಚಾಕುವಿನಿಂದ ಬೀಜಕ್ಕೆ ಹೊಡೆಯುವ ಸಾಹಸ ಬೇಡ, ಅದರಿಂದ ಕೈ ಕೊಯ್ದುಕೊಂಡವರು ಅನೇಕರು. ತಿರುಳನ್ನು ಬಟ್ಟಲಿಗೆ ಹಾಕಿ ತಕ್ಷಣ ನಿಂಬೆರಸ ಹಿಂಡಿ. ಗಾಳಿ ತಗುಲಿದರೆ ತಿರುಳು ಕಂದಾಗುತ್ತದೆ, ನಿಂಬೆಯ ಹುಳಿ ಅದನ್ನು ತಡೆದು ನಿಲ್ಲಿಸುತ್ತದೆ. ಉಪ್ಪು, ಮೆಣಸು ಹಾಕಿ ಚಮಚದಲ್ಲಿ ಒರಟಾಗಿ ಕಿವುಚಿ. ಮಿಕ್ಸಿ ಬೇಡ, ಅಲ್ಲಲ್ಲಿ ಗಂಟು ಉಳಿದರೆ ಬಾಯಿಗೆ ರುಚಿ. ಟೊಮೆಟೊ ಬೀಜ ಮತ್ತು ನೀರನ್ನು ತೆಗೆದು ಸಣ್ಣಗೆ ಹೆಚ್ಚಿ, ಇಲ್ಲವಾದರೆ ಬ್ರೆಡ್ ನೆನೆದು ಮುದ್ದೆಯಾಗುತ್ತದೆ. ಬ್ರೆಡ್ಡನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಗರಿಗರಿಯಾಗಿ ಕಾಯಿಸಿ. ಎಲ್ಲರೂ ಕುಳಿತ ಮೇಲೆಯೇ ಹಣ್ಣು ಹಚ್ಚಿ, ಮೇಲೆ ತರಕಾರಿ ಹರಡಿ, ಕೊತ್ತಂಬರಿ ಉದುರಿಸಿ.

ಎಣ್ಣೆಯಲ್ಲಿ ಕರಿದದ್ದಕ್ಕಿಂತ ಇದು ಹಿತ. 100 ಗ್ರಾಂ ಬೆಣ್ಣೆಹಣ್ಣಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 7 ಗ್ರಾಂ ನಾರು, 160 ಕ್ಯಾಲೊರಿ ಇದೆ. ಆ ಕೊಬ್ಬು ಬಹುಪಾಲು ಆಲಿವ್ ಎಣ್ಣೆಯಲ್ಲಿರುವ ಬಗೆಯದು. ಕ್ಯಾರಟ್, ಟೊಮೆಟೊಗಳ ಬಣ್ಣದಲ್ಲಿರುವ ಸತ್ವ ಕೊಬ್ಬಿನ ಜೊತೆಯಲ್ಲಿ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಹಣ್ಣೊಂದೇ ತಿಂದರೆ ಅಥವಾ ತರಕಾರಿಯೊಂದೇ ತಿಂದರೆ ಸಿಗದ ಲಾಭ ಎರಡೂ ಕೂಡಿದಾಗ ಸಿಗುತ್ತದೆ. ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿ ತಿನ್ನಲಿ. ಮನೆಯಲ್ಲಿ ಸಾಕಿದ ಪಕ್ಷಿಗಳಿಗೆ ಮಾತ್ರ ಇದನ್ನು ಹಾಕಬೇಡಿ, ಅವುಗಳಿಗೆ ಇದು ವಿಷ.

ಇಷ್ಟು ಕೆಲಸವನ್ನು ತಾಯಿಯೊಬ್ಬಳೇ ಹತ್ತು ನಿಮಿಷದಲ್ಲಿ ಮುಗಿಸಬಲ್ಲಳು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕ ಮಗು ಕೊತ್ತಂಬರಿ ಸೊಪ್ಪು ಬಿಡಿಸಲಿ. ಶಾಲೆಗೆ ಹೋಗುವವನು ಹಣ್ಣು ಕಿವುಚಲಿ. ಅಪ್ಪ ಬ್ರೆಡ್ ಕಾಯಿಸಲಿ. ಅಜ್ಜಿ ಉಪ್ಪು ಹುಳಿ ನೋಡಿ ತೀರ್ಪು ಹೇಳಲಿ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆಯಾಗುತ್ತದೆ, ಅಡುಗೆಕಟ್ಟೆ ಗಲೀಜಾಗುತ್ತದೆ. ಆಗಲಿ.

ಮೊದಲು ಊಟ, ಆಮೇಲೆ ಮಾತು

ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಒಟ್ಟಿಗೆ ಓದಿ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ನಿಂತಿದ್ದಾರೆ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿದ್ದವರು, ಪ್ರಭುವಿನ ಮಾತಿನಂತೆ ಮತ್ತೆ ಬೀಸಿ ಬಲೆ ತುಂಬಿಸಿಕೊಂಡು ಬರುತ್ತಾರೆ. ದಡಕ್ಕೆ ಬಂದಾಗ ಏನು ಕಾಣುತ್ತದೆ? ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮರಣವನ್ನು ಗೆದ್ದ ದೇವಪುತ್ರ ತನ್ನವರಿಗಾಗಿ ತಿಂಡಿ ಮಾಡಿ ಕಾಯುತ್ತಿದ್ದಾರೆ!

ಇಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ಮೀನು ಆಗಲೇ ಕೆಂಡದ ಮೇಲಿದ್ದರೂ ಯೇಸು, ನೀವು ಹಿಡಿದದ್ದರಲ್ಲೂ ಸ್ವಲ್ಪ ತನ್ನಿ ಎಂದು ಕೇಳುತ್ತಾರೆ. ಅವರಿಗೆ ಕೊರತೆಯಿತ್ತೇ? ಇಲ್ಲ. ಆದರೂ ಶಿಷ್ಯರ ಪಾಲು ಆ ಊಟದಲ್ಲಿ ಇರಬೇಕಿತ್ತು. ಮಗುವಿನ ಪುಟ್ಟ ಕೈ ಬಿಡಿಸಿದ ಸೊಪ್ಪಿಗೆ ಅಷ್ಟೇ ಬೆಲೆ. ತನ್ನ ಪಾಲು ಇರುವ ಮೇಜಿಗೆ ಮಗು ಕರೆಯದೆಯೇ ಬರುತ್ತದೆ.

ಇನ್ನೊಂದು, ಆ ದಡದಲ್ಲಿ ಪೇತ್ರನಿದ್ದಾನೆ. ಕೆಲವೇ ದಿನಗಳ ಹಿಂದೆ ಮೂರು ಸಲ ಪ್ರಭುವನ್ನು ಅರಿಯೆನೆಂದವನು. ಅದೂ ಕೆಂಡದ ಬೆಂಕಿಯ ಮುಂದೆಯೇ. ಅವನನ್ನು ಕೇಳಬೇಕಾದ ಪ್ರಶ್ನೆ ಪ್ರಭುವಿನ ಬಳಿ ಇತ್ತು. ಆದರೆ ಯಾವಾಗ ಕೇಳಿದರು? ಎಲ್ಲರೂ ಉಂಡ ಮೇಲೆ. ಕೇಳಿದ್ದಾದರೂ ಏನು? ಏಕೆ ಹೀಗೆ ಮಾಡಿದೆ ಎಂದಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು.

ಫಲಿತಾಂಶದ ದಿನ ಮಗಳು ತಲೆ ತಗ್ಗಿಸಿ ಬಂದಾಗ, ಸಾಲದ ಸುದ್ದಿ ಹೊತ್ತು ಮಗ ಬಂದಾಗ, ಕೆಲಸ ಹೋಯಿತೆಂದು ಗಂಡ ಹೊಸ್ತಿಲಲ್ಲಿ ನಿಂತಾಗ, ಪ್ರಿಯ ಓದುಗರೇ, ಈ ಕ್ರಮವನ್ನು ಮರೆಯಬೇಡಿ. ಮೊದಲು ತಟ್ಟೆ ಹಾಕಿ. ಹೊಟ್ಟೆ ತಣ್ಣಗಾಗಲಿ. ಮಾತು ಆಮೇಲೆ. ಪ್ರೀತಿಯ ಪ್ರಶ್ನೆ ಮೊದಲಿರಲಿ.

ಕೊನೆಯ ತುಂಡು ಯಾರಿಗೆ?

ಕೊರಿಂಥದ ಕ್ರೈಸ್ತರಿಗೆ ಸಂತ ಪೌಲ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯದಲ್ಲಿ ಒಂದು ಗದರಿಕೆ ಇದೆ. ಆ ಸಭೆಯವರು ಪ್ರಭುವಿನ ಭೋಜನಕ್ಕೆಂದು ಒಂದೆಡೆ ಸೇರುತ್ತಿದ್ದರು. ಆದರೆ ಉಳ್ಳವರು ತಮ್ಮ ತಮ್ಮ ಊಟ ಮೊದಲೇ ಮುಗಿಸಿಬಿಡುತ್ತಿದ್ದರು. ಬಡವರು ಹಸಿದೇ ಇರುತ್ತಿದ್ದರು. ಹೀಗೆ ಮಾಡುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲ ಹೇಳುತ್ತಾನೆ. ಕೊನೆಗೆ ಅವನು ಕೊಡುವ ಮದ್ದು ಬಹಳ ಸರಳ: ಒಬ್ಬರಿಗಾಗಿ ಒಬ್ಬರು ಕಾಯಬೇಕು.

ನಮ್ಮ ಮನೆಗಳೂ ಎಷ್ಟೋ ಸಲ ಕೊರಿಂಥವಾಗಿವೆ. ಮಗ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಾನೆ. ಮಗಳು ಮೊಬೈಲ್ ನೋಡುತ್ತಾ ಏನು ತಿಂದೆನೆಂದು ತಿಳಿಯದೆ ತಿನ್ನುತ್ತಾಳೆ. ಅಪ್ಪ ಟಿವಿಯ ಮುಂದೆ. ಅಜ್ಜನ ತಟ್ಟೆ ಮಂಚಕ್ಕೇ ಹೋಗುತ್ತದೆ, ಮಾತು ಹೋಗುವುದಿಲ್ಲ. ಎಲ್ಲರಿಗೂ ಬಿಸಿಬಿಸಿಯಾಗಿ ಕೊಟ್ಟ ತಾಯಿ ಕೊನೆಗೆ ಒಲೆಯ ಪಕ್ಕದಲ್ಲಿ ನಿಂತುಕೊಂಡೇ ಸೀದ ತುಂಡನ್ನೋ ಮುರಿದ ತುಂಡನ್ನೋ ತಿನ್ನುತ್ತಾಳೆ. ಅದೂ ಉಳಿದರೆ. 'ನನಗೆ ಹಸಿವಿಲ್ಲ' ಎಂದು ಅವಳು ಹೇಳುವ ಮಾತನ್ನು ನಾವು ಎಷ್ಟು ವರ್ಷಗಳಿಂದ ನಂಬುತ್ತಾ ಬಂದಿದ್ದೇವೆ!

ಜಗದ್ಗುರು ಫ್ರಾನ್ಸಿಸ್ ಅವರು 2015ರ ನವೆಂಬರ್ 11ರಂದು ಭಕ್ತಾದಿಗಳೊಡನೆ ಮಾತನಾಡುತ್ತಾ ಇದನ್ನೇ ಎತ್ತಿ ಹೇಳಿದರು. ಒಟ್ಟಿಗೆ ಉಣ್ಣದ, ಉಣ್ಣುವಾಗಲೂ ಮಾತಾಡದೆ ಟಿವಿಯನ್ನೋ ಫೋನನ್ನೋ ನೋಡುವ ಕುಟುಂಬ ಕುಟುಂಬವೆನಿಸಿಕೊಳ್ಳುವುದು ಕಷ್ಟ ಎಂಬುದು ಅವರ ಮಾತಿನ ಸಾರ. ಅದೇ ವರ್ಷದ 'ಲೌದಾತೋ ಸಿ' ಪತ್ರದಲ್ಲಿ, ಊಟಕ್ಕೆ ಮುಂಚೆಯೂ ಅನಂತರವೂ ಒಂದು ಕ್ಷಣ ನಿಂತು ದೇವರನ್ನು ವಂದಿಸುವ ರೂಢಿಗೆ ಮರಳಬೇಕೆಂದು ಅವರು ಕೇಳಿಕೊಂಡರು.

ಹಾಗಾಗಿ ಈ ತಿಂಡಿಗೆ ಒಂದೇ ನಿಯಮ. ತಾಯಿ ಕುಳಿತ ಮೇಲೆಯೇ ಮೊದಲ ತುತ್ತು. ಬ್ರೆಡ್ ಸ್ವಲ್ಪ ಆರಿದರೂ ಚಿಂತೆಯಿಲ್ಲ. ಒಂದು ದಿನವಾದರೂ ಚೆನ್ನಾಗಿ ಕಾದ, ತರಕಾರಿ ತುಂಬಿದ ತುಂಡು ಅವಳ ತಟ್ಟೆಗೆ ಮೊದಲು ಬೀಳಲಿ. ಮನೆಗೆಲಸಕ್ಕೆ ಬರುವ ಅಕ್ಕ ಆ ಹೊತ್ತಿಗೆ ಮನೆಯಲ್ಲಿದ್ದರೆ, ಉಳಿದದ್ದನ್ನು ಕಟ್ಟಿಕೊಡಬೇಡಿ, ಮೇಜಿಗೆ ಕರೆಯಿರಿ. ಸಿಡ್ನಿಯ ಆ ಉಪಾಹಾರ ಗೃಹದಲ್ಲಿ ಅಪರಿಚಿತರೂ ಒಂದೇ ಮೇಜಿನಲ್ಲಿ ಕೂರಬಹುದಾದರೆ, ಭಾನುವಾರ ಒಂದೇ ಪರಮಪ್ರಸಾದ ಸ್ವೀಕರಿಸುವ ನಮಗೆ ಅದು ಕಷ್ಟವಾಗಬೇಕೇ?

ಹಣ್ಣು ದುಬಾರಿಯಲ್ಲವೇ?

ನೀವು ಕೇಳಬಹುದು: 'ದಿನಗೂಲಿಯ ಮನೆಯಲ್ಲಿ ಬೆಣ್ಣೆಹಣ್ಣು ಎಲ್ಲಿಂದ ತರುವುದು?' ನ್ಯಾಯವಾದ ಪ್ರಶ್ನೆ. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ತೋಟಗಳ ಹಣ್ಣು ಬರುವಾಗ ಕೊಳ್ಳಿ, ದೂರದೇಶದಿಂದ ಬಂದ ಹಣ್ಣಿಗಾಗಿ ಸಾಲ ಮಾಡಬೇಡಿ. ಅದೂ ಆಗದಿದ್ದರೆ ಬ್ರೆಡ್ಡಿಗೆ ಕಡಲೆಕಾಯಿ ಚಟ್ನಿ ಹಚ್ಚಿ, ಮೇಲೆ ಅದೇ ಸೌತೆಕಾಯಿ, ಅದೇ ಕೊತ್ತಂಬರಿ ಹಾಕಿ. ಬ್ರೆಡ್ಡೂ ಇಲ್ಲದಿದ್ದರೆ ನಿನ್ನೆಯ ರಾಗಿರೊಟ್ಟಿಯನ್ನು ಕಾವಲಿಯ ಮೇಲೆ ಬಿಸಿ ಮಾಡಿ. ಐದು ಸಾವಿರ ಜನರಿಗೆ ಉಣಬಡಿಸುವಾಗ ಯೇಸು, ರೊಟ್ಟಿ ಯಾವ ಹಿಟ್ಟಿನದೆಂದು ಕೇಳಲಿಲ್ಲ. ಅದು ಬಡವರು ತಿನ್ನುವ ಜವೆಗೋಧಿಯ ರೊಟ್ಟಿಯಾಗಿತ್ತು. ಅವರು ಮಾಡಿದ್ದು ಮೂರು ಕೆಲಸ: ಜನರನ್ನು ಕೂರಿಸಿದರು, ಕೃತಜ್ಞತಾಸ್ತೋತ್ರ ಸಲ್ಲಿಸಿದರು, ಹಂಚಿದರು. ಈ ಮೂರಕ್ಕೂ ಹಣ ಬೇಕಿಲ್ಲ.

ಈ ವಾರ ಒಂದು ಸಂಜೆಯನ್ನು ಗೊತ್ತುಮಾಡಿ. ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಇನ್ನೊಂದು ಕೋಣೆಯಲ್ಲಿಡಿ. ಎಲ್ಲರ ಕೈಯಿಂದ ತಿಂಡಿಯಾಗಲಿ. ಬರಬೇಕಾದವರು ಬಸ್ಸಿನಲ್ಲಿದ್ದರೆ ಅವರು ಬರುವವರೆಗೆ ಕಾಯಿರಿ. ತಿಂದಾದ ಮೇಲೆ ಯೊವಾನ್ನನ 21ನೇ ಅಧ್ಯಾಯವನ್ನು ಮನೆಯ ಅತ್ಯಂತ ಕಿರಿಯರು ಓದಲಿ, ಅತ್ಯಂತ ಹಿರಿಯರು ಆಶೀರ್ವದಿಸಲಿ. ತಿನ್ನುವ ಮುಂಚೆ ಹೀಗೆ ಪ್ರಾರ್ಥಿಸಿ:

ದಡದಲ್ಲಿ ನಮಗಾಗಿ ಕೆಂಡ ಹೊತ್ತಿಸಿ ಕಾದ ಪ್ರಭುವೇ, ಈ ಆಹಾರಕ್ಕಾಗಿ ನಿಮಗೆ ವಂದನೆ. ಇದನ್ನು ಬೆಳೆದವರನ್ನೂ, ಹೊತ್ತು ತಂದವರನ್ನೂ, ಮಾಡಿದ ಕೈಗಳನ್ನೂ ಹರಸಿರಿ. ನಮ್ಮಲ್ಲಿ ಇನ್ನೂ ಮಾಗದವರನ್ನು ಒತ್ತದೆ, ಕಡಿಯದೆ, ಪ್ರೀತಿಯಿಂದ ಕಾಯುವ ತಾಳ್ಮೆಯನ್ನು ನಮಗೆ ಕೊಡಿರಿ. ಇನ್ನೂ ಮನೆಗೆ ಬಾರದವರನ್ನು ಸುರಕ್ಷಿತವಾಗಿ ಕರೆತನ್ನಿರಿ. ಹಸಿದಿರುವವರನ್ನು ನಾವು ಮರೆಯದಂತೆ ಮಾಡಿರಿ. ಆಮೆನ್.